ಕ್ಯಾಬಿನೆಟ್ ತೆರೆಯದ ಕಂಪ್ಯೂಟರ್ ಎಂಜಿನಿಯರ್‌ಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಆಗಿನಿಂದ ನಮ್ಮ ಹಾಸ್ಟೆಲ್‌ನಲ್ಲಿ ಆಗಾಗ ಕೇಳಿಬರುವ ಮಾತು, ‘ಟಿಪಿಎಂ ಕಾರ್ಡ್ ಹಾಕಿಸಿದ್ಯಾ?’. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು ಎಂಬುದು ಕಂಪನಿಯ ನಿಯಮ. ‘ನಿನ್ನ ಹಳೇ ಡೆಸ್ಕ್‌ಟಾಪ್‌ನಲ್ಲಿ ಅದಿಲ್ಲ’ ಎಂದು ಯಾರಾದರೂ ಹೇಳಿದರೆ ಸಾಕು, ಮನೆಗೆ ಫೋನ್ ಮಾಡಿ ದುಡ್ಡು ಕೇಳುವವರೇ ಹೆಚ್ಚು. ಒಮ್ಮೆ ಬಯೋಸ್ ತೆರೆದು ನೋಡೋಣ ಎನ್ನುವವರು ಕಡಿಮೆ. ಕಂಪ್ಯೂಟರ್ ಸೈನ್ಸ್ ಓದುವ ನಾವೇ ಹೀಗಿದ್ದರೆ ಹೇಗೆ?

ಟಿಪಿಎಂ ಎಂದರೆ ಟ್ರಸ್ಟೆಡ್ ಪ್ಲಾಟ್‌ಫಾರ್ಮ್ ಮಾಡ್ಯೂಲ್. ಡಿಸ್ಕ್‌ನ ಮಾಹಿತಿಗೆ ಹಾಕಿದ ಬೀಗದ ಕೀಲಿಯನ್ನು ಕಾಯುವ ಪುಟ್ಟ ಚಿಪ್ ಅದು. ಬಿಟ್‌ಲಾಕರ್ ಬಳಸಿದ್ದರೆ, ಕಳ್ಳ ಡಿಸ್ಕ್ ಬಿಚ್ಚಿಕೊಂಡು ಹೋಗಿ ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಓದಲಾಗದು. ಒಳ್ಳೆಯ ವ್ಯವಸ್ಥೆಯೇ. ಆದರೆ ಅದಕ್ಕೆ ಎಲ್ಲರೂ ಕಾರ್ಡ್ ಕೊಳ್ಳಬೇಕಿಲ್ಲ.

ವಿಂಡೋಸ್ 11ರ ಅಧಿಕೃತ ಪಟ್ಟಿ ಶುರುವಾಗುವುದೇ ಇಂಟೆಲ್‌ನ 8ನೇ ತಲೆಮಾರು ಮತ್ತು ಎಎಂಡಿಯ ರೈಜೆನ್ 2000 ಸರಣಿಯ ಆಸುಪಾಸಿನಿಂದ. ಇವುಗಳಲ್ಲಿ ಬಹುಪಾಲಿಗೆ ಟಿಪಿಎಂ ಸೌಲಭ್ಯ ಒಳಗೇ ಇದೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಎಷ್ಟೋ ಬೋರ್ಡ್‌ಗಳ ಬಯೋಸ್‌ನಲ್ಲಿ ಅದು ಆಫ್ ಆಗಿರುತ್ತದೆ, ಆನ್ ಮಾಡಿದರಾಯಿತು. ಇನ್ನು 6ನೇ ತಲೆಮಾರಿನ ಪ್ರೊಸೆಸರ್ ಇದ್ದರೆ? ಕಾರ್ಡ್ ಹಾಕಿದ ಮಾತ್ರಕ್ಕೆ ಅದು ಪಟ್ಟಿಗೆ ಸೇರುವುದಿಲ್ಲ. ಅಂದರೆ ಒಬ್ಬರಿಗೆ ಕಾರ್ಡ್ ಬೇಡ, ಇನ್ನೊಬ್ಬರಿಗೆ ಹಾಕಿದರೂ ಪ್ರಯೋಜನವಿಲ್ಲ. ಎರಡನೆಯವರು ಹೊಸ ಕಂಪ್ಯೂಟರ್‌ಗೆ ಸಾಲ ಮಾಡುವ ಮೊದಲು ಲಿನಕ್ಸ್ ಹಾಕಿ ನೋಡಲಿ. ಸಿ, ಪೈಥಾನ್ ಕಲಿಯಲು ಅದು ಧಾರಾಳ ಸಾಕು.

ಕಾರ್ಡ್ ನಿಜಕ್ಕೂ ಬೇಕಾದವರಿಗೂ ಅದು ಕಷ್ಟದ ಕೆಲಸವಲ್ಲ. ಎಲ್ಲ ಬೋರ್ಡ್‌ಗೂ ಒಂದೇ ಕಾರ್ಡ್ ಹೊಂದದು. 14 ಪಿನ್, 20 ಪಿನ್ ಹೀಗೆ ಬೇರೆ ಬೇರೆ ಇವೆ, ಬೋರ್ಡ್‌ನ ಕೈಪಿಡಿ ನೋಡಿಯೇ ಕೊಳ್ಳಬೇಕು. ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು, ಪಿನ್ ಇಲ್ಲದ ಜಾಗ ಹೊಂದಿಸಿ ಮೆಲ್ಲಗೆ ಒತ್ತಬೇಕು. ಆಮೇಲೆ ಬಯೋಸ್‌ನಲ್ಲಿ ಆ ಕಾರ್ಡನ್ನೇ ಆಯ್ಕೆ ಮಾಡಬೇಕು. ಒಂದು ಎಚ್ಚರಿಕೆ: ಈಗಾಗಲೇ ಬಿಟ್‌ಲಾಕರ್ ಇದ್ದರೆ, ಟಿಪಿಎಂ ಬದಲಿಸುವ ಮೊದಲು ಅದರ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಡಿಸ್ಕ್ ಲಾಕ್ ಆದರೆ ಪ್ರಾಜೆಕ್ಟ್ ರಿಪೋರ್ಟ್, ಅಂಕಪಟ್ಟಿ, ರೆಸ್ಯೂಮೆ ಎಲ್ಲವೂ ನಮಗೇ ಸಿಗುವುದಿಲ್ಲ. ಕಳ್ಳನನ್ನು ತಡೆಯುವ ಬೀಗ ಯಜಮಾನನನ್ನೂ ಹೊರಗೆ ನಿಲ್ಲಿಸುತ್ತದೆ.

‘ನಾವು ಸಾಫ್ಟ್‌ವೇರ್‌ನವರು, ಸ್ಕ್ರೂಡ್ರೈವರ್ ನಮಗೇಕೆ?’ ಎನ್ನುವ ಗೆಳೆಯರಿದ್ದಾರೆ. ಪರೀಕ್ಷೆಯಲ್ಲಿ ಎನ್‌ಕ್ರಿಪ್ಶನ್ ಬಗ್ಗೆ ನಾಲ್ಕು ಪುಟ ಬರೆದು, ಸ್ವಂತ ಯಂತ್ರದಲ್ಲಿ ಅದರ ಕೀಲಿ ಎಲ್ಲಿದೆ ಎಂದು ತಿಳಿಯದಿದ್ದರೆ ಆ ಓದು ಅಂಕಕ್ಕಷ್ಟೇ ಸೀಮಿತ. ಕಾಲೇಜುಗಳು ಗುಜರಿಗೆ ಹಾಕುವ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ನಾಲ್ಕನ್ನಾದರೂ ಲ್ಯಾಬ್‌ನಲ್ಲಿ ಉಳಿಸಲಿ. ಸೆಮಿಸ್ಟರ್‌ಗೆ ಎರಡು ತರಗತಿ, ಬಿಚ್ಚಿ ಜೋಡಿಸಲು ಬಿಡಲಿ. ಇದಕ್ಕೆ ಹೊಸ ಸಿಲಬಸ್ ಬೇಕಿಲ್ಲ, ಹೆಚ್ಚಿನ ಖರ್ಚೂ ಇಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇಷ್ಟು: ಕಾರ್ಡ್‌ಗೆ ದುಡ್ಡು ಕೊಡುವ ಮೊದಲು ನಮ್ಮ ಪ್ರೊಸೆಸರ್ ಯಾವುದು, ಬಯೋಸ್‌ನಲ್ಲಿ ಏನಿದೆ ಎಂದು ಹತ್ತು ನಿಮಿಷ ನೋಡುವುದು.