ನಾಲ್ಕು ಬೆರಳಿನ ಈಡು, ಕಂಪ್ಯೂಟರಿನ ಲೆಕ್ಕ

ನನ್ನ ಚಿಕ್ಕಪ್ಪನ ಎಡಗೈಯಲ್ಲಿ ಮೂರೇ ಬೆರಳು. ಹಂದಿ ಓಡಿಸಲೆಂದು ಸಂಜೆಯೇ ಕೇಪಿನ ಕೋವಿಗೆ ಈಡು ತುಂಬಿಟ್ಟಿದ್ದರು. ರಾತ್ರಿ ಅದು ಮರೆತುಹೋಗಿ ಇನ್ನೊಂದು ಈಡು ತುಂಬಿದರು. ನಳಿಗೆ ಒಡೆಯಿತು. 'ನಾಲ್ಕು ಬೆರಳು ಮದ್ದು' ಎಂಬುದು ಆಗಿನ ಅಳತೆ. ಗಜ ನಳಿಗೆಯಿಂದ ಎಷ್ಟು ಬೆರಳು ಹೊರಗೆ ನಿಂತಿತು ಎಂಬ ಲೆಕ್ಕ. ಯಾರ ಬೆರಳು? ಅದು ಮಾತ್ರ ಕೇಳಬಾರದು!

ಇದು ಈಗ ನೆನಪಾದದ್ದಕ್ಕೆ ಕಾರಣ ಉಂಟು. ಹೋದ ವರ್ಷ ಮಗಳ ಮನೆಗೆಂದು ಟೆಕ್ಸಾಸಿಗೆ ಹೋಗಿದ್ದೆ. ಅಲ್ಲಿಯೂ ಹಂದಿ ಉಪದ್ರ. ಸಾಕಿದ ಹಂದಿ ಕಾಡುಬಿದ್ದು ಹೆಚ್ಚಿ, ಮುಸುಕಿನ ಜೋಳ, ನೆಲಗಡಲೆ ಗದ್ದೆಯನ್ನು ಉತ್ತು ಹಾಕುತ್ತವೆ. ಸ್ವಂತ ಜಾಗದಲ್ಲಿ ವರ್ಷವಿಡೀ ಹೊಡೆಯಬಹುದು. ಅಳಿಯನ ಪರಿಚಯದ ಕೃಷಿಕರೊಬ್ಬರು ತಮ್ಮ ರೈಫಲಿನ ತೋಟಾಗಳನ್ನು ತಾವೇ ತುಂಬುತ್ತಾರೆ. ಹೊಡೆದು ಖಾಲಿಯಾದ ಹಿತ್ತಾಳೆ ಕವಚಕ್ಕೆ ಹೊಸ ಕೇಪು, ಮದ್ದು, ಗುಂಡು. (ಅವರಲ್ಲಿ ಸ್ವಂತ ಬಳಕೆಗೆ ಇದು ರೂಢಿ. ಓದಿದವರು ಇಲ್ಲಿ ಮಾಡಲು ಹೊರಡಬೇಡಿ. ನಮಗೆ ತೋಟಾ ಅಂಗಡಿಯದ್ದೇ ಸಾಕು.)

ಅವರ ಮೇಜಿನ ಮೇಲೆ ಕಂಪ್ಯೂಟರ್, ಅದರಲ್ಲಿ ಕ್ವಿಕ್‌ಲೋಡ್ ಎಂಬ ಜರ್ಮನಿಯ ಪ್ರೋಗ್ರಾಂ. ಗುಂಡಿನ ತೂಕ, ಅದು ಎಷ್ಟು ಆಳಕ್ಕೆ ಕೂತಿದೆ, ನಳಿಗೆಯ ಉದ್ದ, ಮದ್ದಿನ ಜಾತಿ ಮತ್ತು ತೂಕ ಕೊಟ್ಟರೆ ಒಳಗೆ ಒತ್ತಡ ಎಲ್ಲಿಗೇರುತ್ತದೆ, ಗುಂಡು ಯಾವ ವೇಗದಲ್ಲಿ ಹೊರಡುತ್ತದೆ ಎಂದು ಹೇಳುತ್ತದೆ. ಅವರ 308 ವಿಂಚೆಸ್ಟರ್ ತೋಟಾಕ್ಕೆ ಒತ್ತಡದ ಮಿತಿ ಚದರ ಇಂಚಿಗೆ 62,000 ಪೌಂಡು. ನಮ್ಮ ಪವರ್ ಸ್ಪ್ರೇಯರಿನದ್ದು ನೂರರ ಲೆಕ್ಕ. ಇದು ಸಾವಿರದ್ದು, ಅದೂ ಕೆನ್ನೆಯ ಪಕ್ಕದಲ್ಲಿ!

ನನಗೆ ದೊಡ್ಡದೆನಿಸಿದ್ದು ಕಂಪ್ಯೂಟರ್ ಅಲ್ಲ. ಅದಕ್ಕೆ ಮೊದಲು ಅವರು ಖಾಲಿ ಕವಚವನ್ನು ತೂಗಿದರು. ಬಾಯಿಮಟ್ಟ ನೀರು ತುಂಬಿ ಮತ್ತೆ ತೂಗಿದರು. ವ್ಯತ್ಯಾಸವೇ ಒಳಗಿನ ಜಾಗದ ಅಳತೆ. ಲೆಕ್ಕ ಗ್ರೇನಿನಲ್ಲಿ, ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಮಿಲಿಟರಿಯ ಹಿತ್ತಾಳೆ ದಪ್ಪ, ಒಳಗೆ ಜಾಗ ಕಡಿಮೆ. ಅದೇ ಮದ್ದು ಅಷ್ಟೇ ಹಾಕಿದರೂ ಒತ್ತಡ ಜಾಸ್ತಿ. ಇದನ್ನು ಅಳೆಯದೆ ಕಂಪ್ಯೂಟರಿನ ಅಂಕಿ ನಂಬಿದರೆ ಕೆಲಸ ಕೆಟ್ಟಿತು.

ಇಷ್ಟಾದರೂ ಅವರು ಪುಸ್ತಕದ ಮಿತಿಗಿಂತ ಹತ್ತರಲ್ಲೊಂದು ಪಾಲು ಕಡಿಮೆಯಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಹೊಡೆಯುವಾಗ ಮುಂದೆ ವೇಗ ಅಳೆಯುವ ಯಂತ್ರ. ಆ ದಿನ ಪ್ರೋಗ್ರಾಂ ಹೇಳಿದ್ದು ಸೆಕೆಂಡಿಗೆ 2,720 ಅಡಿ, ಯಂತ್ರ ತೋರಿಸಿದ್ದು 2,790. "ವೇಗ ಹೆಚ್ಚಿದ್ದರೆ ಒತ್ತಡವೂ ಹೆಚ್ಚಿದೆ" ಎಂದು ಉಳಿದ ತೋಟಾಗಳನ್ನೆಲ್ಲ ಬಿಚ್ಚಿ ಮದ್ದು ಇಳಿಸಿದರು. ಮದ್ದು ಡಬ್ಬಿಯಿಂದ ಡಬ್ಬಿಗೆ ಬದಲಾಗುತ್ತದಂತೆ, ಬಿಸಿಲಿಗೂ ಬದಲಾಗುತ್ತದಂತೆ.

ನಮಗಿದು ಹೊಸತೇನಲ್ಲ. ಶೇ. 1ರ ಬೋರ್ಡೋಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್ ಎಂದು ಪುಸ್ತಕ ಹೇಳುತ್ತದೆ. ಸುಣ್ಣ ಹಳತಾದರೆ? ಅದಕ್ಕೇ ಚೂರಿ ಅದ್ದಿ ನೋಡುವುದು. ಕೆಂಪು ಹಿಡಿದರೆ ಸುಣ್ಣ ಸಾಲದು. ತೋಟದಲ್ಲಿ ಇಷ್ಟು ಜಾಗ್ರತೆ ಇರುವ ನಾವು ಕೋವಿ ಹಿಡಿದಾಗ ಮಾತ್ರ 'ಅಂದಾಜು ಸಾಕು' ಎನ್ನುತ್ತೇವೆ.

ಊರಿಗೆ ಬಂದು ಹೇಳಿದರೆ ಪಕ್ಕದ ಮನೆಯ ಹುಡುಗ, "ಮಾವ, ಅದನ್ನು ಹಾಕಿಸಿ, ನಮ್ಮ ಕೋವಿಗೂ ನೋಡುವ" ಎಂದ. ಆಗಲಿಕ್ಕಿಲ್ಲ ಮಾರಾಯ. ಹರಳು ಎಷ್ಟು ದಪ್ಪ, ತೇವ ಎಷ್ಟು ಎಂದೇ ಗೊತ್ತಿಲ್ಲದ ನಮ್ಮ ಕರಿಮದ್ದಿನ ಬಗ್ಗೆ ಯಾವ ಪ್ರೋಗ್ರಾಂ ಏನು ಹೇಳೀತು? ಇನ್ನು ತೋಟಾ ಬಿಚ್ಚಿ ಅದರ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಹಾಕುವವರೂ ಇದ್ದಾರೆ. ಖಂಡಿತ ಕೂಡದು. ಕರಿಮದ್ದಿಗೆಂದು ಮಾಡಿದ ನಳಿಗೆ ಅದನ್ನು ತಡೆಯುವುದಿಲ್ಲ.

ನಾನು ಮಾಡಿದ್ದು ಇಷ್ಟೇ. ಕೇಪಿಲ್ಲದ ಖಾಲಿ ಕೋವಿಗೆ ಗಜ ಇಳಿಸಿ, ನಳಿಗೆಯ ಬಾಯಿಮಟ್ಟಕ್ಕೆ ಗಜದ ಮೇಲೊಂದು ಗೀರು ಹಾಕಿದೆ. ಈಗ ತುಂಬುವ ಮುಂಚೆ ಪ್ರತಿ ಸಲ ಗಜ ಇಳಿಸುವುದು. ಗೀರು ಮೇಲೆ ನಿಂತರೆ ಒಳಗೆ ಈಡು ಉಂಟು. ಖರ್ಚು ಸೊನ್ನೆ. ಚಿಕ್ಕಪ್ಪನಿಗೆ ತೋರಿಸಿದೆ. ತುಂಬ ಹೊತ್ತು ಗಜವನ್ನೇ ತಿರುಗಿಸಿ ನೋಡಿದರು. "ಆಗ ಇದು ಯಾರಿಗೂ ಹೊಳೆಯಲಿಲ್ಲವಲ್ಲ" ಎಂದರು.