ಎಚ್ಚರಿಕೆ ಹುಸಿಯಾದರೂ ನಷ್ಟವಲ್ಲ

ಮಕ್ಕಳೇ, ಸೋಡಾ ಬಾಟಲಿಯನ್ನು ಅಲುಗಾಡಿಸಿ ಮುಚ್ಚಳ ತೆಗೆದರೆ ಏನಾಗುತ್ತದೆ? ಭುಸ್ಸೆಂದು ನೊರೆ ಉಕ್ಕುತ್ತದೆ. ಜ್ವಾಲಾಮುಖಿ ಸಿಡಿಯುವುದೂ ಹೆಚ್ಚುಕಡಿಮೆ ಹೀಗೆಯೇ. ಭೂಮಿಯೊಳಗೆ ಕರಗಿರುವ ಕಲ್ಲನ್ನು ಶಿಲಾಪಾಕ ಎನ್ನುತ್ತಾರೆ. ಅಲ್ಲಿನ ಭಾರೀ ಒತ್ತಡದಿಂದ ಅದರಲ್ಲಿ ನೀರಾವಿ ಮೊದಲಾದ ಅನಿಲಗಳು ಬೆರೆತಿರುತ್ತವೆ. ಶಿಲಾಪಾಕ ಮೇಲೇರಿದಂತೆ ಒತ್ತಡ ತಗ್ಗಿ, ಅನಿಲಗಳು ಗುಳ್ಳೆಗಳಾಗಿ ಹಿಗ್ಗುತ್ತವೆ. ಶಿಲಾಪಾಕ ಬಹಳ ಮಂದವಾಗಿದ್ದರೆ ಗುಳ್ಳೆಗಳು ಸುಲಭವಾಗಿ ಹೊರಬರಲಾರವು. ಆಗ ಸ್ಫೋಟವಾಗುತ್ತದೆ.

ಇದನ್ನು ತಡೆಯುವುದು ನಮ್ಮಿಂದಾಗದು. ಆದರೆ ಮುನ್ಸೂಚನೆಗಳನ್ನು ಗುರುತಿಸಬಹುದು. ಶಿಲಾಪಾಕ ಬಂಡೆಗಳನ್ನು ಸೀಳುತ್ತಾ ಏರುವಾಗ ಸಣ್ಣ ಸಣ್ಣ ಭೂಕಂಪಗಳಾಗುತ್ತವೆ. ನಮ್ಮ ಅರಿವಿಗೇ ಬಾರದ ನಡುಕವನ್ನೂ ಭೂಕಂಪಮಾಪಕ ದಾಖಲಿಸುತ್ತದೆ. ರೇಡಾರ್ ರೇಡಿಯೊ ಅಲೆಗಳನ್ನು ಕಳುಹಿಸುತ್ತದೆ. ಬೂದಿಯ ಮೋಡಕ್ಕೆ ತಾಗಿ ಹಿಂದಿರುಗಿದ ಅಲೆಗಳಿಂದ ಮೋಡ ಎಷ್ಟು ದೂರದಲ್ಲಿದೆ, ಎಷ್ಟು ಎತ್ತರಕ್ಕೆ ಏರಿದೆ ಎಂಬುದು ಕತ್ತಲೆಯಲ್ಲಿಯೂ ತಿಳಿಯುತ್ತದೆ. ಡಾಪ್ಲರ್ ರೇಡಾರ್ ಆದರೆ ಬೂದಿ ನುಗ್ಗುವ ವೇಗವನ್ನೂ ಹೇಳುತ್ತದೆ. ಒಂದು ಉಪಕರಣ ಕಿವಿಯಂತೆ, ಇನ್ನೊಂದು ಕಣ್ಣಿನಂತೆ.

ಆದರೆ ಉಪಕರಣಗಳಿದ್ದರೆ ಸಾಕೇ? ಅವು ಸೂಚನೆ ಕೊಟ್ಟಾಗ ಏನು ಮಾಡಬೇಕು? ಮೂರು ನಿಜ ಘಟನೆಗಳನ್ನು ನೋಡೋಣ.

1976ರಲ್ಲಿ ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಲಾ ಸೂಫ್ರಿಯೇರ್ ಜ್ವಾಲಾಮುಖಿ ನಡುಗಿತು. 70,000ಕ್ಕೂ ಹೆಚ್ಚು ಜನರು ತಿಂಗಳುಗಟ್ಟಲೆ ಮನೆ ಬಿಟ್ಟಿರಬೇಕಾಯಿತು. ದೊಡ್ಡ ಸ್ಫೋಟ ಆಗಲೇ ಇಲ್ಲ. ಜನರನ್ನು ಕಳುಹಿಸಿದ್ದು ಸರಿಯೋ ತಪ್ಪೋ ಎಂದು ವಿಜ್ಞಾನಿಗಳೇ ವಾದಿಸಿದರು.

1985ರಲ್ಲಿ ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಪರ್ವತ ಎಚ್ಚೆತ್ತಿತು. ಅಪಾಯದ ಪ್ರದೇಶಗಳ ನಕ್ಷೆ ಅಕ್ಟೋಬರ್‌ನಲ್ಲಿಯೇ ಸಿದ್ಧವಾಗಿತ್ತು. ಆದರೆ ಎಚ್ಚರಿಕೆ ಹುಸಿಯಾದರೆ ಆಗುವ ಖರ್ಚಿಗೆ ಅಧಿಕಾರಿಗಳು ಹಿಂಜರಿದರು. ನವೆಂಬರ್ 13ರ ರಾತ್ರಿ ಪರ್ವತ ಸಿಡಿದು, ತುದಿಯ ಹಿಮ ಕರಗಿ, ಕೆಸರಿನ ಪ್ರವಾಹ ಕೆಳಗೆ ನುಗ್ಗಿತು. ಅದು ಆರ್ಮೆರೊ ಪಟ್ಟಣವನ್ನು ಮುಟ್ಟಲು ಸುಮಾರು ಎರಡೂವರೆ ಗಂಟೆ ಹಿಡಿಯಿತು. ಎತ್ತರದ ಜಾಗಕ್ಕೆ ಹೋಗಲು ಸಮಯವಿತ್ತು. ಆದರೂ ಸುಮಾರು 23,000 ಜನ ಸತ್ತರು.

1991ರಲ್ಲಿ ಫಿಲಿಪೀನ್ಸ್‌ನ ಪಿನಾಟುಬೊ ಸರದಿ. ಅಲ್ಲಿನ ಹಾಗೂ ಅಮೆರಿಕದ ವಿಜ್ಞಾನಿಗಳು ಪರ್ವತದ ಸುತ್ತ ಭೂಕಂಪಮಾಪಕಗಳನ್ನಿಟ್ಟು ಹಗಲುರಾತ್ರಿ ಗಮನಿಸಿದರು. ಹತ್ತಾರು ಸಾವಿರ ಜನರನ್ನು ಮೊದಲೇ ದೂರ ಕಳುಹಿಸಲಾಯಿತು. ಜೂನ್ 12ರಂದು ಬೂದಿಯ ಮೋಡ 19 ಕಿಲೋಮೀಟರ್ ಎತ್ತರಕ್ಕೆ ಏರಿತು. ಹವಾಮಾನ ರೇಡಾರ್‌ನಲ್ಲಿ ಅದು ಕಂಡಿತು. ಜೂನ್ 15ರ ಮಹಾಸ್ಫೋಟದ ದಿನ ಚಂಡಮಾರುತವೂ ಬಂದಿತ್ತು. ಮಳೆಯಲ್ಲಿ ನೆನೆದ ಬೂದಿಯ ಭಾರಕ್ಕೆ ಛಾವಣಿಗಳು ಕುಸಿದು ನೂರಾರು ಜನ ಸತ್ತರು ನಿಜ. ಆದರೆ ಕನಿಷ್ಠ 5,000 ಜೀವಗಳು ಉಳಿದವೆಂದು ವಿಜ್ಞಾನಿಗಳ ಅಂದಾಜು.

'ತೋಳ ಬಂತು ತೋಳ' ಕಥೆ ನಿಮಗೆ ಗೊತ್ತಲ್ಲವೇ? ಹುಸಿ ಎಚ್ಚರಿಕೆ ಕೊಟ್ಟರೆ ಮುಂದೆ ಯಾರೂ ನಂಬುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಆ ಹುಡುಗ ಏನನ್ನೂ ಕಾಣದೆ, ತಮಾಷೆಗಾಗಿ ಕೂಗಿದ್ದ. ವಿಜ್ಞಾನಿಯಾದರೋ ಹೆಜ್ಜೆಗುರುತು ಕಂಡು ಕೂಗುತ್ತಾನೆ. ಮೇಲೇರುತ್ತಿದ್ದ ಶಿಲಾಪಾಕ ಒಮ್ಮೊಮ್ಮೆ ನಡುದಾರಿಯಲ್ಲೇ ನಿಂತುಬಿಡುತ್ತದೆ. ಅದು ವಿಜ್ಞಾನಿ ಹೇಳಿದ ಸುಳ್ಳಲ್ಲ.

ಹುಸಿಯಾದ ಎಚ್ಚರಿಕೆಯಿಂದ ಹಣ, ಬೆಳೆ, ಶಾಲೆಯ ದಿನಗಳು ನಷ್ಟವಾಗಬಹುದು. ಅವನ್ನು ಮತ್ತೆ ತುಂಬಿಕೊಳ್ಳಬಹುದು. ಹೋದ ಜೀವ ಬಾರದು. ಆದ್ದರಿಂದ ಎಚ್ಚರಿಕೆ ಕೊಟ್ಟವರನ್ನು ಹಳಿಯುವ ಬದಲು ಅವರಿಗೆ ಇನ್ನಷ್ಟು ಉಪಕರಣಗಳನ್ನು ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಸಾಕ್ಷ್ಯ ಹೆಚ್ಚಿದಷ್ಟೂ ಹುಸಿ ಎಚ್ಚರಿಕೆಗಳು ಕಡಿಮೆಯಾಗುತ್ತವೆ. ಈ ಕೆಲಸದಲ್ಲಿ ನಮ್ಮ ದೇಶದ ಪಾಲೂ ಇದೆ. ಇಸ್ರೋ ಮತ್ತು ನಾಸಾ ಸೇರಿ ನಿರ್ಮಿಸಿದ ನಿಸಾರ್ ಉಪಗ್ರಹವನ್ನು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಲಾಯಿತು. ಶಿಲಾಪಾಕ ತುಂಬಿ ಪರ್ವತದ ನೆಲ ಸ್ವಲ್ಪವೇ ಉಬ್ಬಿದರೂ ಅಳೆಯಬಲ್ಲ ರೇಡಾರ್ ಅದರಲ್ಲಿದೆ.

ನಿಮ್ಮ ತರಗತಿಯಲ್ಲಿ ಚರ್ಚಿಸಿ: ಆರ್ಮೆರೊದ ಅಧಿಕಾರಿ ನೀವಾಗಿದ್ದರೆ, ಎಷ್ಟು ಸಾಕ್ಷ್ಯ ಸಿಕ್ಕಾಗ ಜನರನ್ನು ಊರು ಬಿಡಿ ಎನ್ನುತ್ತಿದ್ದಿರಿ?