ರಾತ್ರಿಯ ಊಟವೂ ಕ್ಯಾಲೆಂಡರಿನಲ್ಲಿರಲಿ



ಈ ವರ್ಷ ಕನ್ನಡ ತರಗತಿಯಲ್ಲಿ 'ನಮ್ಮ ಮನೆಯ ಊಟ' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದೆವು. ಸಾರು, ಪಲ್ಯ, ಹಪ್ಪಳಗಳ ವರ್ಣನೆ ಬರಬಹುದೆಂದುಕೊಂಡಿದ್ದೆವು. ಒಬ್ಬ ಹುಡುಗ ಬರೆದದ್ದು ಇಷ್ಟೇ: "ಅಪ್ಪ ಊಟಕ್ಕೆ ಕೂರುತ್ತಾರೆ. ಫೋನು ಟಿಂಗ್ ಎನ್ನುತ್ತದೆ. ಅಪ್ಪ ಎದ್ದು ಹೋಗುತ್ತಾರೆ. ಅನ್ನ ಆರುತ್ತದೆ." ಒಂದೂ ಕಾಗುಣಿತದ ತಪ್ಪಿರಲಿಲ್ಲ. ಅಂಕ ಹಾಕಲು ಮಾತ್ರ ನಮಗೆ ಕೈ ಬರಲಿಲ್ಲ.

ಮೊಬೈಲನ್ನು ದೂರುವುದು ನಮ್ಮ ಉದ್ದೇಶವಲ್ಲ. ಜಪಾನಿನಲ್ಲಿ 1999ರಲ್ಲಿ ಐ-ಮೋಡ್ ಬಂದಾಗಿನಿಂದಲೇ ಜನ ಫೋನಿನಲ್ಲಿ ಮಿಂಚಂಚೆ ನೋಡುತ್ತಿದ್ದಾರೆ. ಕಚೇರಿಯ ಅಂಚೆ ಕೈಯಲ್ಲೇ ಇರುವುದರಿಂದ ಶಿಂಬಾಶಿ, ರೊಪ್ಪೊಂಗಿಗಳ ಕಚೇರಿಯಿಂದ ಬೇಗ ಹೊರಟು ಮಕ್ಕಳ ನಾಟಕ ನೋಡಲು ಬರುವ ಪೋಷಕರೂ ನಮ್ಮಲ್ಲಿದ್ದಾರೆ.

ತೊಡಕು ಗಡಿಯಾರದ್ದು. ಬೆಂಗಳೂರು ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿಯವರು ಸಂಜೆ 4-30ಕ್ಕೆ ಕಾಫಿ ಕುಡಿದು ಮೀಟಿಂಗಿಗೆ ಕೂತರೆ ಇಲ್ಲಿ ರಾತ್ರಿ 8 ಗಂಟೆ. ಸಮಯ ಗೊತ್ತುಮಾಡುವವರು ಕಚೇರಿಯ ಕ್ಯಾಲೆಂಡರ್ ನೋಡುತ್ತಾರೆ. ಅಲ್ಲಿ ಖಾಲಿ ಇದ್ದದ್ದೆಲ್ಲ ಬಿಡುವೆಂದೇ ಕಾಣುತ್ತದೆ. ಊಟದ ಹೊತ್ತನ್ನು ಯಾರು ತಾನೇ ಬರೆದಿಡುತ್ತಾರೆ?

ಬರೆದಿಟ್ಟೂ ಮೋಸಹೋದವರಿದ್ದಾರೆ. ತಾಯಿಯೊಬ್ಬರು ಮಗಳ ನೃತ್ಯದ ದಿನವನ್ನು ಫೋನಿನಲ್ಲಿ ಗುರುತಿಸಿದ್ದರು. ಆದರೂ ಅದೇ ಹೊತ್ತಿಗೆ ಮೀಟಿಂಗ್ ಬಂತು. ಫೋನಿನ ಪರದೆಯ ಮೇಲೆ ಸ್ವಂತ ಖಾತೆ, ಕಚೇರಿಯ ಖಾತೆ ಎರಡೂ ಒಟ್ಟಿಗೆ ಕಾಣುತ್ತವೆ. ಸಹೋದ್ಯೋಗಿಗಳಿಗೆ ಸಾಮಾನ್ಯವಾಗಿ ಕಾಣುವುದು ಕಚೇರಿಯದು ಮಾತ್ರ. ಸಿಂಕ್ ಎಂದರೆ ಎಲ್ಲವೂ ಎಲ್ಲರಿಗೂ ತಲುಪಿತು ಎಂದಲ್ಲ.

ಆದ್ದರಿಂದ ನಮ್ಮ ವಿನಂತಿ: ರಾತ್ರಿ 7-30ರಿಂದ 8-30ರವರೆಗೆ 'ಬಿಡುವಿಲ್ಲ' ಎಂದು ಕಚೇರಿಯ ಕ್ಯಾಲೆಂಡರಿನಲ್ಲೇ ಗುರುತಿಸಿ. ದಿನವೂ ಮರುಕಳಿಸುವಂತೆ ಇಟ್ಟರೆ ಒಂದೇ ಸಲದ ಕೆಲಸ. ಕಾರಣ ಬರೆಯಬೇಕಾಗಿಲ್ಲ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಫ್ರಾನ್ಸ್ 2017ರಿಂದ ಕಾನೂನಿನಲ್ಲೇ ಸೇರಿಸಿದೆ. ನಾವು ಕೇಳುತ್ತಿರುವುದು ಒಂದು ಗಂಟೆ. ರೈಲು ಹತ್ತಿದೊಡನೆ ಫೋನನ್ನು 'ಮ್ಯಾನರ್ ಮೋಡ್'ಗೆ ಹಾಕುವ ನಮಗೆ ಮನೆಯ ಊಟದ ಮೇಜು ರೈಲಿಗಿಂತ ಕಡಿಮೆಯೇ?

ಶಿಕ್ಷಕರಾದ ನಾವೂ ಸಾಚಾಗಳಲ್ಲ. ಹೋಂವರ್ಕಿನ ಸಂದೇಶವನ್ನು ಸರಿಯಾಗಿ ಊಟದ ಹೊತ್ತಿಗೇ ಕಳುಹಿಸಿದ್ದುಂಟು. ಮುಂದಿನ ಅವಧಿಯಿಂದ ಸಂಜೆ 6ರ ಮೇಲೆ ಕಳುಹಿಸುವುದಿಲ್ಲ. ತಪ್ಪಿದರೆ ಮಕ್ಕಳು ಮರುದಿನ ತರಗತಿಯಲ್ಲಿ ಎದ್ದು ನಿಂತು ಕೇಳಬಹುದು.